ಮಿಲ್ಟ್ರಿ ತಾತನ ಟ್ರಂಕು: ಒಂದು ಪ್ರಕರಣ ಅಧ್ಯಯನ

ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, 2025ರ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ತೀರಿಕೊಂಡರು. ಅದಕ್ಕೆ ಸುಮಾರು ಒಂದು ವರ್ಷ ಮುಂಚೆ ಅವರ ಬದುಕನ್ನು ಬರೆದಿಡೋಣ ಅಂತ ನಾನು ಶುರು ಮಾಡಿದ್ದೆ. ಆ ಒಂದು ವರ್ಷದಲ್ಲಿ ಏನು ಮಾಡಿದೆವು, ಎಲ್ಲಿ ಎಡವಿದೆವು, ಏನು ಸಿಕ್ಕಿತು, ಅವರು ಹೋದ ಮೇಲೆ ಮನೆಯಲ್ಲಿ ಯಾವ ಜಗಳ ಎದ್ದಿತು, ಎಲ್ಲಾ ಇಲ್ಲಿ ಬರೆದಿದ್ದೇನೆ. ಸೇನೆಯಿಂದ ರಿಟೈರ್ ಆಗಿ ಬಂದ ಹಿರಿಯರು ನಮ್ಮ ಕಡೆ ಊರಿಗೊಬ್ಬರಾದರೂ ಇರುತ್ತಾರೆ. ಅವರ ಮನೆಯವರಿಗೆ ಇದು ಉಪಯೋಗಕ್ಕೆ ಬರಬಹುದು. ಮನೆಯವರ ಹೆಸರು ಹಾಕಿಲ್ಲ. ಅಜ್ಜಿ ಬೇಡ ಅಂದರು.

ಮೊದಲು ಪರಿಸ್ಥಿತಿ ಹೇಳಿಬಿಡುತ್ತೇನೆ. ಅರಸೀಕೆರೆ ತಾಲೂಕಿನ ಒಂದು ಹಳ್ಳಿ, ಸ್ವಲ್ಪ ತೆಂಗು, ಸ್ವಲ್ಪ ರಾಗಿ ಹೊಲ. ತಾತ 1963ರಲ್ಲಿ, ದಾಖಲೆ ಪ್ರಕಾರ 19ನೇ ವಯಸ್ಸಿಗೆ, ಸೇನೆಗೆ ಸೇರಿದರು. ಹಿಂದಿನ ವರ್ಷವಷ್ಟೇ ಚೀನಾ ಯುದ್ಧ ಆಗಿತ್ತು, ಸೇನೆ ದೊಡ್ಡದಾಗುತ್ತಿತ್ತು, ಹಳ್ಳಿಹಳ್ಳಿಯಿಂದ ಹುಡುಗರನ್ನು ತಗೊಳ್ಳುತ್ತಿದ್ದರು. ಇವರನ್ನು ಹಾಕಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. ಅದೇ ಮದ್ರಾಸ್ ಸ್ಯಾಪರ್ಸ್, 1780ರಿಂದ ಇರುವ ಪಡೆ. ಸ್ಯಾಪರ್ ಅಂದ್ರೆ ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ, ನೆಲಬಾಂಬು ತೆಗೆಯುವ ಸೈನಿಕ. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವ ಹುಡುಗರು ಅಲ್ಲಿ ಒಟ್ಟಿಗೆ ಇರುತ್ತಾರೆ, ಅವರನ್ನೆಲ್ಲ ಸೇನೆಯಲ್ಲಿ ಪ್ರೀತಿಯಿಂದ ಕರೆಯೋದು 'ತಂಬಿ' ಅಂತ. ಸ್ಯಾಪರ್ ಆಗಿ ಸೇರಿದ ತಾತ 1985ರಲ್ಲಿ ಹವಾಲ್ದಾರ್ ಆಗಿ ಹೊರಬಂದರು. ಆಮೇಲೆ 19 ವರ್ಷ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಊರಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು 'ಮಿಲ್ಟ್ರಿ ತಾತ'.

ನಾನು ಶುರು ಮಾಡುವ ಹೊತ್ತಿಗೆ ಅವರ ಎಡಗಿವಿ ಪೂರ್ತಿ ಹೋಗಿತ್ತು. ಮರೆವು ಬರಲು ಶುರುವಾಗಿ ಎರಡು ವರ್ಷ ಆಗಿತ್ತು. ಬೆಳಿಗ್ಗೆ ತಿಂಡಿ ತಿಂದಿದ್ದು ಮರೆಯುತ್ತಿದ್ದರು, ಆದರೆ ಹಾಸಿಗೆ ಮಡಚುವ ಕ್ರಮ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಕಂಬಳಿಯ ಅಂಚು ಅಂಚಿಗೆ ಕೂರಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಮಡಚುತ್ತಿದ್ದರು.

ಮೊದಲ ಪ್ರಯತ್ನ ಪೂರ್ತಿ ಹಾಳಾಯಿತು. 2024ರ ಫೆಬ್ರವರಿಯ ಒಂದು ಭಾನುವಾರ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ, ಎದುರು ಕೂರಿಸಿ, "ತಾತ, 71ರ ಯುದ್ಧದ ಬಗ್ಗೆ ಹೇಳಿ" ಅಂದೆ. ತಾತ ನೆಟ್ಟಗೆ ಕೂತು, "ಯುದ್ಧ ಆಯ್ತು. ನಾವು ಗೆದ್ವಿ. ನಿಂದು ಊಟ ಆಯ್ತಾ?" ಅಂದರು. ಅಷ್ಟೇ. ಮುಂದಿನ ಎರಡು ಭಾನುವಾರವೂ ಇದೇ ಕಥೆ.

ತಪ್ಪು ಅವರ ಮರೆವಿನದ್ದು ಅಂತ ಆಗ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನ ಪ್ರಶ್ನೆಯದ್ದು. ರಿಟೈರ್ ಆಗಿ ಬಂದಾಗಿನಿಂದ ಪ್ರತಿ ಆಗಸ್ಟ್ 15ಕ್ಕೆ ಶಾಲೆಯವರು ಕರೆದು ಇದನ್ನೇ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಆ ಪ್ರಶ್ನೆಗೆ ಅವರ ಹತ್ತಿರ ಒಂದು ತಯಾರಾದ ಉತ್ತರ ಇತ್ತು, ಅದನ್ನು ಕೊಟ್ಟು ಮುಗಿಸುತ್ತಿದ್ದರು. ಇನ್ನೊಂದು ವಿಷಯ. "ನೆನಪಿದೆಯಾ ತಾತ?" ಅಂತ ನಾನು ಮಾತುಮಾತಿಗೆ ಕೇಳುತ್ತಿದ್ದೆ. ಮರೆವು ಶುರುವಾದವರಿಗೆ ಇದು ಪರೀಕ್ಷೆ ಇಟ್ಟ ಹಾಗೆ. ಅವರ ಮುಖ ಬಾಡುತ್ತಿತ್ತು. ಆ ಮಾತನ್ನು ಅವತ್ತಿಂದ ಬಿಟ್ಟೆ. ಬಿಳಿ ಅಂಗಿಯೂ ಬೇಡ, ಸ್ಟ್ಯಾಂಡೂ ಬೇಡ ಅನಿಸಿತು. ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ, ಅವರ ಬಲಗಿವಿ ಕಡೆ ಕೂತು, ಇಪ್ಪತ್ತು ನಿಮಿಷ. ಫೋನು ಪಕ್ಕದಲ್ಲಿ ಸುಮ್ನೆ ಓಡುತ್ತಿತ್ತು, ಅದನ್ನು ಅವರಿಗೆ ಹೇಳಿಯೇ ಇಡುತ್ತಿದ್ದೆ. ಇಪ್ಪತ್ತು ನಿಮಿಷ ದಾಟಿದರೆ ಅವರಿಗೆ ಸುಸ್ತಾಗುತ್ತಿತ್ತು, ಮಾತು ಕಲಸಿಹೋಗುತ್ತಿತ್ತು.

ಕೀಲಿ ಸಿಕ್ಕಿದ್ದು ಟ್ರಂಕಿನಲ್ಲಿ. ಕಪ್ಪು ಬಣ್ಣದ ತಗಡಿನ ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ಆರ್ಮಿ ನಂಬರು, ರ್‍ಯಾಂಕು, ಹೆಸರು. ರ್‍ಯಾಂಕಿನ ಜಾಗದಲ್ಲಿ ಬಣ್ಣ ದಪ್ಪಗಿದೆ, ಬಡ್ತಿ ಬಂದಾಗಲೆಲ್ಲ ಹಳೆಯದರ ಮೇಲೆ ಬಳಿದು ಬರೆದಿದ್ದಾರೆ. ಅಜ್ಜಿ ಅದರಲ್ಲಿ ತಮ್ಮ ರೇಷ್ಮೆ ಸೀರೆ ಮತ್ತು ನುಸಿ ಗುಳಿಗೆ ಇಟ್ಟುಕೊಂಡಿದ್ದರು. ಸೀರೆ ತೆಗೆದು ತಳದಿಂದ ಸಾಮಾನನ್ನು ಒಂದೊಂದಾಗಿ ಜಗಲಿ ಮೇಲೆ ಇಟ್ಟೆವು. ನಾನು ಏನೂ ಕೇಳಲಿಲ್ಲ. ತಾತನೇ ಶುರು ಮಾಡಿದರು. ಎನಾಮೆಲ್ ಮಗ್ ಕೈಗೆ ತಗೊಂಡು, "ಇದ್ರಲ್ಲೇ ಚಾ, ಇದ್ರಲ್ಲೇ ಗಡ್ಡ ಕೆರೆಯೋಕೆ ನೀರು, ಇದ್ರಲ್ಲೇ ದಾಲು. ಲಂಗರ್ ಮುಂದೆ ಲೈನು ನಿಂತ್ರೆ ತಮಿಳ್ನೋನು ಹಿಂದೆ, ಮಲಯಾಳಿ ಮುಂದೆ. ಬೈಯೋದು ಮಾತ್ರ ನಾಕೂ ಭಾಷೇಲಿ" ಅಂತ ನಕ್ಕರು. 'ಲಂಗರ್' ಅಂದ್ರೆ ಸೇನೆಯ ಅಡುಗೆಮನೆ. ಆ ವರ್ಷದಲ್ಲಿ ಅವರು ತಾವಾಗೇ ಆಡಿದ ಮೊದಲ ಉದ್ದನೆ ಮಾತು ಅದು.

ಪದಕಗಳು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದವು. ಪದಕದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಯಾಕಂದ್ರೆ ಎಷ್ಟೋ ಮನೆಯಲ್ಲಿ ಇವನ್ನು ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದುಬಿಡುತ್ತಾರೆ, ಓದುವುದೇ ಇಲ್ಲ. ದುಂಡನೆ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ. ಪಡೆದವರ ನಂಬರು, ರ್‍ಯಾಂಕು, ಹೆಸರು ಸಣ್ಣ ಅಕ್ಷರದಲ್ಲಿ ಸುತ್ತಲೂ ಇರುತ್ತದೆ. ತಾತನ ಸಂಗ್ರಾಮ್ ಮೆಡಲಿನ ಅಂಚಿನಲ್ಲಿ ಅವರ ಹೆಸರಿತ್ತು, ಸ್ಪೆಲ್ಲಿಂಗ್ ನಮ್ಮ ಆಧಾರಿಗಿಂತ ಬೇರೆ. 1965ರ ಸೆಪ್ಟೆಂಬರಿನಲ್ಲಿ ಸೇವೆಯಲ್ಲಿದ್ದವರಿಗೆ ಕೊಟ್ಟ ರಕ್ಷಾ ಮೆಡಲ್ ಇತ್ತು. ಸ್ವಾತಂತ್ರ್ಯದ 25ನೇ ವರ್ಷದ ಪದಕ ಇತ್ತು. ಸೈನ್ಯ ಸೇವಾ ಮೆಡಲಿನ ರಿಬ್ಬನ್ ಮೇಲೆ 'ಹಿಮಾಲಯ' ಅಂತ ಬರೆದ ಪಟ್ಟಿ ಇತ್ತು. ಇವರು ಹಿಮಾಲಯದ ಕಡೆ ಕೆಲಸ ಮಾಡಿದ್ದಾರೆ ಅನ್ನೋದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!

ಇನ್ನೊಂದು ಪಶ್ಚಿಮಿ ಸ್ಟಾರ್. ನಮ್ಮನೆಯಲ್ಲಿ ಎಲ್ಲರೂ ನಂಬಿದ್ದು ತಾತ ಬಾಂಗ್ಲಾದೇಶಕ್ಕೆ ಹೋಗಿ ಹೋರಾಡಿದರು ಅಂತ. ಅಮ್ಮ ನನಗೆ ಹಾಗೇ ಹೇಳಿ ಬೆಳೆಸಿದ್ದು, ಶಾಲೆಯ ಸನ್ಮಾನ ಪತ್ರದಲ್ಲೂ ಹಾಗೇ ಅಚ್ಚಾಗಿದೆ. ಆದರೆ 1971ರಲ್ಲಿ ಪೂರ್ವದ ರಣರಂಗದಲ್ಲಿ ಇದ್ದವರಿಗೆ ಸಿಕ್ಕಿದ್ದು ಪೂರ್ವಿ ಸ್ಟಾರ್. ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ತಾತನ ಕೈಯಲ್ಲಿ ಇದ್ದದ್ದು ಪಶ್ಚಿಮಿ. "ತಾತ, ನೀವು ಬಾಂಗ್ಲಾಕ್ಕೆ ಹೋಗಿರಲಿಲ್ವಾ?" ಅಂತ ಕೇಳಿದೆ. "ಇಲ್ಲ. ಪಂಜಾಬ್ ಕಡೆ. ಬಸಂತರ್" ಅಂದರು. ಮತ್ತೆ ಯಾಕೆ ಇಷ್ಟು ವರ್ಷ ಹೇಳಲಿಲ್ಲ ಅಂದರೆ, "ಯಾರೂ ಕೇಳ್ಲಿಲ್ಲ. ಎಲ್ಲ ಅವರೇ ಹೇಳ್ಕೊಳ್ತಿದ್ರು" ಅಂದುಬಿಟ್ಟರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಡಿಸ್ಚಾರ್ಜ್ ಬುಕ್. ಮಾಜಿ ಸೈನಿಕರ ಮನೆಯಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಸೇರಿದ ದಿನ, ಬಿಟ್ಟ ದಿನ, ಟ್ರೇಡು, ಪದಕ, ನಡತೆ, ಹೆಂಡತಿ ಮಕ್ಕಳ ವಿವರ ಎಲ್ಲಾ ಅದರಲ್ಲಿ ಇರುತ್ತದೆ. ಗುರುತಿನ ಚಿಹ್ನೆ ಅಂತಲೂ ಒಂದು ಜಾಗ ಇರುತ್ತದೆ. ತಾತನ ಪುಸ್ತಕದಲ್ಲಿ ಅಲ್ಲಿ ಬರೆದಿದ್ದು 'ಎಡ ಹುಬ್ಬಿನ ಮೇಲೆ ಹಳೆ ಗಾಯದ ಗುರುತು'. ನಾನು ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಆ ಗುರುತು ಕಂಡೇ ಇರಲಿಲ್ಲ. ಸುಕ್ಕಿನ ನಡುವೆ ಸೇರಿಹೋಗಿತ್ತು. ಬೆರಳಿಟ್ಟು ಹುಡುಕಿದಾಗ ಸಿಕ್ಕಿತು, ಹುಬ್ಬಿನ ಕೂದಲ ಕೆಳಗೆ ಒಂದು ಭತ್ತದ ಕಾಳಿನಷ್ಟು ಉದ್ದ. "ಹುಣಸೆ ಮರದಿಂದ ಬಿದ್ದೆ, ಚಿಕ್ಕೋನಿದ್ದಾಗ" ಅಂದರು. ಸೇನೆಯ ಪುಸ್ತಕದಲ್ಲಿ ಅವರ ಬಾಲ್ಯ ಸಿಕ್ಕಿದ್ದು ಆ ಒಂದು ಸಾಲಿನಲ್ಲಿ.

ಅದೇ ಪುಸ್ತಕದಲ್ಲಿ ಒಂದು ತೊಂದರೆಯೂ ಸಿಕ್ಕಿತು. ಅಜ್ಜಿಯ ಹೆಸರು ಅಲ್ಲಿ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ, ಪೆನ್ಶನ್ ಆರ್ಡರಿನಲ್ಲಿ ಹುಟ್ಟಿದ ದಿನಾಂಕವೇ ಇಲ್ಲ. ನಮ್ಮ ಕಡೆ ಹೆಂಗಸರಿಗೆ ಮನೆಯಲ್ಲಿ ಕರೆಯುವ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು ಇರೋದು ಸಾಮಾನ್ಯ ಅಲ್ವಾ. ತಾತ ಗಡಿಬಿಡಿಯಲ್ಲಿ ಮನೆ ಹೆಸರು ಬರೆಸಿದ್ದರು. ಗಂಡ ಹೋದ ಮೇಲೆ ಇದನ್ನು ಸರಿ ಮಾಡಿಸಲು ಹೊರಟರೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಂತುಹೋಗುತ್ತದೆ, ಹಾಗೆ ಅಲೆದ ಒಬ್ಬ ಹೆಂಗಸನ್ನು ಪಕ್ಕದ ಊರಲ್ಲೇ ನೋಡಿದ್ದೇನೆ. ಹುಟ್ಟಿದ ದಿನಾಂಕ ಇನ್ನೂ ಮುಖ್ಯ. 80 ತುಂಬಿದ ಪಿಂಚಣಿದಾರರಿಗೆ ಮೂಲ ಪಿಂಚಣಿಯ ಮೇಲೆ 20 ಶೇಕಡಾ ಜಾಸ್ತಿ ಬರುತ್ತದೆ, 85ಕ್ಕೆ 30, 90ಕ್ಕೆ 40. ಕುಟುಂಬ ಪಿಂಚಣಿ ತಗೊಳ್ಳುವ ಹೆಂಡತಿಗೂ ಇದು ಇದೆ. ಆದರೆ ದಾಖಲೆಯಲ್ಲಿ ವಯಸ್ಸೇ ಇಲ್ಲದಿದ್ದರೆ ಯಾವ ಲೆಕ್ಕದಲ್ಲಿ ಕೊಡುತ್ತಾರೆ? ದೊಡ್ಡಮಾವ ಅಫಿಡವಿಟ್ ಮಾಡಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್ ಆಫೀಸಿಗೆ ಕಾಗದ ಕಳಿಸಿದರು. ತಾತ ಇನ್ನೂ ಸಹಿ ಹಾಕುವ ಸ್ಥಿತಿಯಲ್ಲಿದ್ದರು, ಅದೇ ಪುಣ್ಯ. ಅವರು ಇರುವಾಗಲೇ ತಿದ್ದುಪಡಿ ಆಗಿ ಬಂತು. ನೆನಪು ಬರೆಯಲು ಹೋಗಿ ಸಿಕ್ಕ ಲಾಭ ಇದು. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರ ಡಿಸ್ಚಾರ್ಜ್ ಬುಕ್ ಇದ್ದರೆ ಈ ವಾರವೇ ತೆಗೆದು ಆಧಾರಿನ ಪಕ್ಕ ಇಟ್ಟು ನೋಡಿ.

ಈಗ ಬಸಂತರ್ ವಿಷಯ. ಇದನ್ನು ಸ್ವಲ್ಪ ಸಾವಧಾನವಾಗಿ ಹೇಳಬೇಕು.

ಬಸಂತರ್ ಅನ್ನೋದು ಪಾಕಿಸ್ತಾನದ ಪಂಜಾಬಿನ ಶಕರ್‌ಗಢ ಭಾಗದ ಒಂದು ನದಿ. 1971ರ ಡಿಸೆಂಬರಿನಲ್ಲಿ ನಮ್ಮ 54ನೇ ಡಿವಿಜನ್ ಆ ಕಡೆ ಗಡಿ ದಾಟಿ ಮುಂದೆ ಹೋಯಿತು. ಹೋಗುವ ದಾರಿಯ ತುಂಬಾ ಪಾಕಿಸ್ತಾನದವರು ನೆಲಬಾಂಬು ಹೂತಿದ್ದರು. 15ರ ರಾತ್ರಿ ನದಿ ದಾಟಬೇಕು, ಬೆಳಗಾಗುವುದರೊಳಗೆ ಆ ಬಾಂಬಿನ ಹೊಲದ ನಡುವೆ ಟ್ಯಾಂಕು ಹೋಗುವಷ್ಟು ದಾರಿ ಆಗಬೇಕು. ಆ ದಾರಿ ಮಾಡಿದ್ದು ಮದ್ರಾಸ್ ಸ್ಯಾಪರ್ಸಿನ 9 ಎಂಜಿನಿಯರ್ ರೆಜಿಮೆಂಟ್. ದಾರಿ ಇನ್ನೂ ಪೂರ್ತಿ ಆಗುವ ಮುಂಚೆಯೇ, ಆಚೆ ದಡದಲ್ಲಿ ಕಾಲಾಳುಗಳ ಮೇಲೆ ಟ್ಯಾಂಕು ನುಗ್ಗಿ ಬರುತ್ತಿದೆ ಅಂತ ಗೊತ್ತಾಗಿ, 17 ಪೂನಾ ಹಾರ್ಸ್‌ನ ಟ್ಯಾಂಕುಗಳು ಬಾಂಬಿನ ಹೊಲದೊಳಗೇ ನುಗ್ಗಿದವು. 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೋರಾಡಿ ಪ್ರಾಣ ಕೊಟ್ಟಿದ್ದು ಅಲ್ಲೇ, 21 ವರ್ಷಕ್ಕೆ ಪರಮವೀರ ಚಕ್ರ. ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಅದೇ ಕಾರ್ಯಾಚರಣೆಯಲ್ಲಿ 9 ಎಂಜಿನಿಯರಿನ ಮೇಜರ್ ವಿಜಯ್ ರತನ್ ಚೌಧರಿಯವರೂ ಪ್ರಾಣ ಬಿಟ್ಟರು, ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮ ತಾತ ಆ ರೆಜಿಮೆಂಟಿನಲ್ಲಿ ಇದ್ದರು. ಆ ರಾತ್ರಿಯ ಬಗ್ಗೆ ಅವರು ಬಾಯಲ್ಲಿ ಹೇಳಿದ್ದು ಕಡಿಮೆ. ಕೈಯಲ್ಲಿ ಮಾಡಿ ತೋರಿಸಿದರು. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಸುಮ್ನೆ "ಬಾಂಬ್ ಹುಡುಕೋದು ಹೇಗೆ ತಾತ?" ಅಂದೆ. ಯುದ್ಧದ ಪ್ರಶ್ನೆ ಅಲ್ಲ, ಕೆಲಸದ ಪ್ರಶ್ನೆ. ಅವರು ಅಂಗಳದಲ್ಲಿ ಅಜ್ಜಿ ಬಿಟ್ಟಿದ್ದ ಕಡ್ಡಿ ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ಎಳೆದುಕೊಂಡರು. ಮಂಡಿ ನೋವು ಅಂತ ದಿನವೂ ಗೋಳಾಡುವವರು ತುಳಸಿ ಕಟ್ಟೆ ಪಕ್ಕ ನೆಲಕ್ಕೆ ಕೂತು, ಆಮೇಲೆ ಒಂದು ಮೊಣಕೈ ಊರಿ ಅರ್ಧ ಮಲಗಿಬಿಟ್ಟರು. ಕಡ್ಡಿಯನ್ನು ಓರೆಯಾಗಿ ಹಿಡಿದು, ಮಣ್ಣಿಗೆ ಮೆಲ್ಲಗೆ ತಳ್ಳಿದರು. ತೆಗೆದರು. ಎರಡು ಬೆರಳು ಪಕ್ಕಕ್ಕೆ ಸರಿಸಿ ಮತ್ತೆ ತಳ್ಳಿದರು. "ನೇರ ಚುಚ್ಚಬಾರ್ದು. ನೇರ ಚುಚ್ಚಿದ್ರೆ ಅದರ ತಲೆ ಮೇಲೆ ಬೀಳುತ್ತೆ, ಮುಗೀತು. ಓರೆ ಹೋದ್ರೆ ಪಕ್ಕೆಗೆ ತಾಗುತ್ತೆ. ಟಕ್ ಅನ್ನುತ್ತೆ. ಕಲ್ಲು ಬೇರೆ ಥರ ಅನ್ನುತ್ತೆ, ಬೇರು ಬೇರೆ ಥರ. ಕೈಗೆ ಗೊತ್ತಾಗುತ್ತೆ." ಒಂದು ಮೊಳ ಅಗಲ ಮುಗಿಸಲು ಅವರಿಗೆ ಐದು ನಿಮಿಷ ಬೇಕಾಯಿತು. ಸಾಲು ಒಂಚೂರೂ ಸೊಟ್ಟ ಆಗಲಿಲ್ಲ. ಕೈ ನಡುಗುತ್ತಲೂ ಇರಲಿಲ್ಲ, ಕಾಫಿ ಲೋಟ ಹಿಡಿದರೆ ನಡುಗುವ ಕೈ ಅದು. "ಕತ್ತಲಲ್ಲಿ ಹೀಗೇ. ಮೇಲೆ ಗೋಳ ಬೀಳ್ತಾ ಇರುತ್ತೆ. ಹಿಂದಿರೋನು ಬಿಳಿ ಟೇಪು ಕಟ್ಕೊಂಡು ಬರ್ತಾನೆ. ಆ ಟೇಪಿನೊಳಗೆ ಟ್ಯಾಂಕಿನೋರು ಬರ್ತಾರೆ." 'ಗೋಳ' ಅಂದ್ರೆ ಅವರ ಮಾತಲ್ಲಿ ಫಿರಂಗಿ ಗುಂಡು. ಟ್ಯಾಂಕಿನ ಮುಂದೆ ಕಬ್ಬಿಣದ ಉರುಳೆ ಕಟ್ಟಿ ಬಾಂಬು ಸಿಡಿಸುವ ಟ್ರಾಲ್ ಕೂಡ ಇತ್ತು ಅಂದರು, ಆದರೂ ಕೈಕೆಲಸ ತಪ್ಪಿದ್ದಲ್ಲ.

ಅವತ್ತು ನಾನು ವೀಡಿಯೋ ಮಾಡಿರಲಿಲ್ಲ. ಧ್ವನಿ ಮಾತ್ರ ಇದೆ. ಅದರಲ್ಲಿ ಮಣ್ಣಿಗೆ ಕಡ್ಡಿ ಹೋಗುವ ಸದ್ದು ಸಣ್ಣಗೆ ಕೇಳುತ್ತದೆ, ಮಧ್ಯೆ ಅಜ್ಜಿ "ಏಳಿ ಮೇಲೆ, ಪಂಚೆಯೆಲ್ಲ ಮಣ್ಣು" ಅಂದಿದ್ದೂ ಇದೆ.

ಯುದ್ಧಕ್ಕಿಂತ ಜಾಸ್ತಿ ಅವರು ಮಾತಾಡಿದ್ದು ಯುದ್ಧ ಮುಗಿದ ಮೇಲಿನ ತಿಂಗಳುಗಳ ಬಗ್ಗೆ. ಡಿಸೆಂಬರ್ 17ಕ್ಕೆ ಕದನವಿರಾಮ ಆಯಿತು, ಮುಂದಿನ ಜುಲೈಯಲ್ಲಿ ಶಿಮ್ಲಾ ಒಪ್ಪಂದ ಆಯಿತು, ಸೈನ್ಯ ಪೂರ್ತಿ ವಾಪಸ್ ಬಂದಿದ್ದು 1972ರ ಡಿಸೆಂಬರಿನಲ್ಲಿ. ಆ ವರ್ಷವೆಲ್ಲ ಸ್ಯಾಪರ್‌ಗಳಿಗೆ ರಜ ಇಲ್ಲ. ನೆಲದಲ್ಲಿ ಹೂತದ್ದು ಹೂತಂಗೇ ಇದೆ, ಅದನ್ನು ಎತ್ತಬೇಕು. ಮಳೆ ಬಂದು ಮಣ್ಣು ಕುಸಿದು ಬಾಂಬು ಜಾಗ ಬದಲಾಯಿಸಿರುತ್ತದೆ, ಆಳೆತ್ತರದ ಸರ್ಕಂಡಾ ಹುಲ್ಲು ಬೆಳೆದು ಗುರುತು ಮುಚ್ಚಿರುತ್ತದೆ. ತಾತ ಹೇಳಿದ ಒಂದು ಸಂಗತಿ ನನ್ನನ್ನು ಬಿಟ್ಟು ಹೋಗಿಲ್ಲ. ಗಡಿಯ ನಮ್ಮ ಕಡೆಯ ಒಬ್ಬ ಮುದುಕ ರೈತ ದಿನಾ ಬೆಳಿಗ್ಗೆ ಬಂದು ಹೊಲದ ಬದುವಿನ ಮೇಲೆ ಕೂತು, ಇವರು ಕೆಲಸ ಮಾಡೋದನ್ನು ಸಂಜೆವರೆಗೆ ನೋಡುತ್ತಿದ್ದನಂತೆ. ಗೋಧಿ ಬಿತ್ತುವ ಹೊತ್ತು ಮೀರುತ್ತಿದೆ. ಮಾತಿಲ್ಲ. ಆ ಹೊಲ ಮುಗಿದ ದಿನ ಇವರ ಹವಾಲ್ದಾರ್ ಮೊದಲು ತಾನು ಹೊಲದ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದು ತೋರಿಸಿದನಂತೆ. ಆಮೇಲೆ ಮುದುಕ ಹೊಲಕ್ಕೆ ಇಳಿದ. "ನಮ್ಮಪ್ಪನ ನೆನಪು ಬಂತು" ಅಂದರು ತಾತ. ಅಷ್ಟು ಹೇಳಿ, ಬಹಳ ಹೊತ್ತು ತೆಂಗಿನ ಮರ ನೋಡುತ್ತಾ ಕೂತಿದ್ದರು. ರೈತನ ಮಗ ರೈತನ ಹೊಲ ಬಿಡಿಸಿಕೊಟ್ಟ ಕೆಲಸ ಅದು. ನನಗೆ ಕೇಳಿದರೆ, ಅವರ ಸೇವೆಯಲ್ಲಿ ಅತಿ ದೊಡ್ಡದು ಅದೇ.

ಅಜ್ಜಿಯ ಕಡೆಯ ಕಥೆ ಬೇರೆಯೇ ಇತ್ತು, ಅದನ್ನು ಕೇಳಬೇಕು ಅಂತ ನನಗೆ ಹೊಳೆದಿದ್ದೇ ತಡ. ಟ್ರಂಕಿನಲ್ಲಿ ಇನ್‌ಲ್ಯಾಂಡ್ ಲೆಟರುಗಳ ಒಂದು ಕಟ್ಟು ಇತ್ತು. ಎಲ್ಲದರ ಮೇಲೂ ವಿಳಾಸ '56 ಎಪಿಓ', ಅಂದ್ರೆ ಸೇನೆಯ ಅಂಚೆ ಕಚೇರಿ. ಊರಿನ ಹೆಸರಿಲ್ಲ, ಯಾವ ರಾಜ್ಯ ಅಂತಲೂ ಇಲ್ಲ, ಗಂಡ ಎಲ್ಲಿದ್ದಾನೆ ಅಂತ ಹೆಂಡತಿಗೂ ತಿಳಿಯುವಂತಿಲ್ಲ. ಒಳಗೆ ಬರೆದಿದ್ದು ಹೆಚ್ಚು ಕಡಿಮೆ ಒಂದೇ: 'ನಾನು ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಯಿಸಿ. ಮನಿಯಾರ್ಡರ್ ತಲುಪಿತೇ?' ಇಷ್ಟು ಒಣ ಕಾಗದ ಯಾಕೆ ಅಂತ ನನಗೆ ಬೇಜಾರಾಗಿತ್ತು. ಅಜ್ಜಿ ಹೇಳಿದ ಮೇಲೆ ಗೊತ್ತಾಯಿತು. ಅಜ್ಜಿಗೆ ಓದು ಬರಲ್ಲ. ಕಾಗದ ಬಂದರೆ ಶಾಲೆ ಮೇಷ್ಟ್ರು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಅತ್ತೆ ಮಾವ ಮೈದುನರೆಲ್ಲ ಸುತ್ತ ಕೂತು ಕೇಳುತ್ತಿದ್ದರು. ಅಂಥಲ್ಲಿ ಹೆಂಡತಿಗೆ ಅಂತ ಏನು ಬರೆಯೋಕಾಗುತ್ತೆ? "ಆದ್ರೆ ಕೊನೇಲಿ ಒಂದು ಮಾತು ಇರ್ತಿತ್ತು ಮಗಾ, ಕೆಂದೆಗೆ ಮೇವು ಹಾಕಿ ಅಂತ. ಕೆಂದೆ ಅಂತ ಹಸು ನಮ್ಮನೇಲಿ ಇರ್ಲೇ ಇಲ್ಲ" ಅಂದರು ಅಜ್ಜಿ. ಮೇಷ್ಟ್ರು ಓದಿದಾಗ ಅತ್ತೆಗೆ ಅರ್ಥ ಆಗುತ್ತಿರಲಿಲ್ಲ, ಯಾವ ಕೆಂದೆ ಅಂತ ಕೇಳುತ್ತಿದ್ದರಂತೆ. ಅಜ್ಜಿ ಚಿಕ್ಕಂದಿನಲ್ಲಿ ಕೆಂಪು ಲಂಗ ಉಡುತ್ತಿದ್ದರು. ಅವರದ್ದು ಸೋದರ ಸಂಬಂಧ, ಒಂದೇ ಬೀದಿಯಲ್ಲಿ ಬೆಳೆದವರು. ಹೊಟ್ಟೆ ತುಂಬಾ ಊಟ ಮಾಡು ಅನ್ನೋದನ್ನು ತಾತ ಹಾಗೆ ಬರೆಯುತ್ತಿದ್ದರು. ಮತ್ತೆ ಹೋಗಿ ಕಾಗದ ತೆಗೆದು ನೋಡಿದೆ. ಒಂಬತ್ತು ಕಾಗದದಲ್ಲಿ ಕೆಂದೆ ಇದ್ದಾಳೆ.

ದಾಖಲೆಗೂ ನೆನಪಿಗೂ ತಾಳೆ ಆಗದ ಜಾಗಗಳೂ ಇದ್ದವು. ನದಿ ದಾಟಿದ್ದು ಅಮಾವಾಸ್ಯೆ ಮಾರನೇ ದಿನ, 10ನೇ ತಾರೀಖು ಅನ್ನುತ್ತಿದ್ದರು, ಇತಿಹಾಸದಲ್ಲಿ ಇರೋದು 15ರ ರಾತ್ರಿ. ನಾನು ಮೊದಮೊದಲು ತಿದ್ದಿದೆ, "ಅಲ್ಲ ತಾತ, 15" ಅಂದೆ. ಮಾತು ನಿಂತೇಹೋಯಿತು, ಎರಡು ದಿನ ಟ್ರಂಕಿನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ತಿದ್ದುವುದನ್ನು ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಎಡಗಡೆ ಅವರು ಹೇಳಿದ್ದು, ಬಲಗಡೆ ದಾಖಲೆ ಹೇಳಿದ್ದು. ಎರಡೂ ಹಾಗೇ ಇವೆ.

ಜುಲೈಯಲ್ಲಿ ಒಂದು ದಿನ ಒಬ್ಬ ಗೆಳೆಯನ ಹೆಸರು ಹೇಳಿದರು. ತಮಿಳುನಾಡಿನ ಹುಡುಗ, ಹಲಸೂರಿನಲ್ಲಿ ಟ್ರೇನಿಂಗಿನಿಂದ ಜೊತೆ, ಆ ರಾತ್ರಿ ಟೇಪು ಹಿಡಿದು ಹಿಂದೆ ಬರುತ್ತಿದ್ದವನು. ಬೆಳಿಗ್ಗೆ ಇರಲಿಲ್ಲ. ದೆಹಲಿಯಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯದ ನಂತರ ಮಡಿದ ಯೋಧರ ಹೆಸರು ಕೆತ್ತಿದ್ದಾರೆ, ಫೋನಿನಲ್ಲಿ ಹುಡುಕಬಹುದು. ಹುಡುಕಿದೆ. ಸಿಕ್ಕಿತು. ಅಕ್ಷರ ದೊಡ್ಡದು ಮಾಡಿ ತಾತನ ಕೈಗೆ ಫೋನು ಕೊಟ್ಟೆ. ಓದಿದರು, ಹೆಬ್ಬೆರಳಿನಿಂದ ಹೆಸರನ್ನು ಸವರಿದರು. ಸವರಿದ್ದಕ್ಕೆ ಪರದೆ ಸರಿದು ಹೆಸರು ಮಾಯವಾಯಿತು. ಅವರಿಗೆ ಗಾಬರಿ. "ಏನ್ ಮಾಡ್ದೆ ನಾನು, ಹೋಯ್ತಾ? ಅಳಿಸೋಯ್ತಾ?" ಅಂತ ಕೈ ನಡುಗಿಸಿದರು. ಇಲ್ಲ ತಾತ ಇದೆ, ಅಂತ ವಾಪಸ್ ತಂದೆ. ಮುಟ್ಟದೆ, ಫೋನನ್ನು ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿದು ನೋಡಿದರು. ಮರುದಿನ ಆ ಹೆಸರನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ತಂದು ಕೊಟ್ಟೆ. ಅದು ಅವರ ದಿಂಬಿನ ಕೆಳಗೆ ಕೊನೆವರೆಗೂ ಇತ್ತು.

ಬ್ಯಾಂಕಿನ 19 ವರ್ಷ ನಾನು ಸರಿಯಾಗಿ ಕೇಳಲಿಲ್ಲ. ಅದೊಂದು ಕೊರಗು ಇದೆ. 80 ವರ್ಷದ ಬದುಕಿನಲ್ಲಿ ಆ ಯುದ್ಧ 14 ದಿನದ್ದು. ನಾನು ನನ್ನ ಸಮಯದ ಅರ್ಧಕ್ಕಿಂತ ಜಾಸ್ತಿ ಅದರ ಹಿಂದೆಯೇ ಕಳೆದೆ. ಬ್ಯಾಂಕಿನ ಬಾಗಿಲಲ್ಲಿ ನಿಂತು ಎಷ್ಟು ಜನರ ಸಾಲದ ಕಷ್ಟ ನೋಡಿರಬಹುದು, ಕೊಬ್ಬರಿ ರೇಟು ಬಿದ್ದ ವರ್ಷ ರೈತರು ಹೇಗೆ ಬಂದು ನಿಲ್ಲುತ್ತಿದ್ದರು, ಒಂದೂ ಗೊತ್ತಾಗಲಿಲ್ಲ. ಕೇಳೋಣ ಅನ್ನುವಷ್ಟರಲ್ಲಿ ಅಕ್ಟೋಬರ್ ಬಂತು, ಮಾತು ಕಡಿಮೆಯಾಯಿತು. ನವೆಂಬರಿನ ಜೀವನ ಪ್ರಮಾಣಪತ್ರಕ್ಕೆ ಚಿಕ್ಕಮಾವ ಮನೆಯಲ್ಲೇ ಫೋನಿನಲ್ಲಿ ಮುಖ ತೋರಿಸಿ ಮಾಡಿಸಿದರು. ಆಮೇಲೆ ಹಾಸಿಗೆ ಹಿಡಿದರು.

ತೀರಿಕೊಂಡ ದಿನ ತಾಲೂಕಿನ ಮಾಜಿ ಸೈನಿಕರು ಹತ್ತು ಹನ್ನೆರಡು ಜನ ಬಂದರು, ಟೋಪಿ ಹಾಕಿ, ಪದಕ ಧರಿಸಿ. ನಮ್ಮವರು ತ್ರಿವರ್ಣ ಧ್ವಜ ಹೊದಿಸಬೇಕು ಅಂತ ತಂದಿದ್ದರು. ಬಂದವರಲ್ಲಿ ಹಿರಿಯರಾದ ಒಬ್ಬ ಸುಬೇದಾರರು ಮಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಸರ್ಕಾರಿ ಗೌರವದ ಅಥವಾ ಸೇನೆಯೇ ನಡೆಸುವ ಅಂತ್ಯಕ್ರಿಯೆ ಆದರೆ ಮಾತ್ರ ಹಾಗೆ ಹೊದಿಸಬಹುದು, ಮನೆಯವರೇ ಮಾಡುವಾಗ ಹೊದಿಸಿದರೆ ಅದು ಧ್ವಜ ಸಂಹಿತೆಗೆ ವಿರುದ್ಧ. "ಅವರು ನಿಯಮ ತಪ್ಪಿದೋರಲ್ಲ, ನಾವು ತಪ್ಪಿಸೋದು ಬೇಡ" ಅಂದರು. ಮಾವ ಒಪ್ಪಿದರು. ತಾತನ ಕಂಬಳಿ ಹೊದಿಸಿದೆವು, ಅಂಚಿಗೆ ಅಂಚು ಸರಿ ಮಾಡಿ. ಒಬ್ಬರು ಫೋನಿನಿಂದ ಲಾಸ್ಟ್ ಪೋಸ್ಟ್, ಅಂದ್ರೆ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಬಿಗುಲು, ಹಾಕಿದರು. ಎಲ್ಲರೂ ಸೆಲ್ಯೂಟ್ ಹೊಡೆದು ನಿಂತರು.

ಜಗಳ ಎದ್ದಿದ್ದು ಎಂಟನೇ ದಿನ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರಿಗೆ ಹಂಚಲು ಒಂದು ಪುಟ್ಟ ಶ್ರದ್ಧಾಂಜಲಿ ಹಾಳೆ ಅಚ್ಚು ಹಾಕಿಸೋಣ ಅಂತ ಆಗಿತ್ತು. ದೊಡ್ಡಮಾವನ ಮಗ ಬರೆದುಕೊಂಡು ಬಂದ. 'ಬಾಂಗ್ಲಾ ವಿಮೋಚನೆಯ ವೀರ, ಅರುಣ್ ಖೇತ್ರಪಾಲರ ಹೆಗಲಿಗೆ ಹೆಗಲು ಕೊಟ್ಟು ಶತ್ರು ಟ್ಯಾಂಕುಗಳನ್ನು ಧ್ವಂಸ ಮಾಡಿದ ಯೋಧ.' ಅವನಿಗೆ ತಾತನ ಮೇಲೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಮೂರು ತಿಂಗಳು ತಾತನಿಗೆ ಸ್ನಾನ ಮಾಡಿಸಿದ್ದು ಅವನೇ. ನಾನು ಇದು ಸುಳ್ಳು ಅಂದೆ. "ಜನಕ್ಕೆ ಹೇಳೋಕೆ ಏನಾದ್ರೂ ದೊಡ್ಡದು ಬೇಡ್ವಾ? ನೆಲ ಕೆರೀತಿದ್ರು ಅಂತ ಹಾಕೋಕಾಗುತ್ತಾ?" ಅಂದ. ಮಾತಿಗೆ ಮಾತು ಬೆಳೆಯಿತು. ಅಮ್ಮ ಅತ್ತರು. ಚಿಕ್ಕಮಾವ ಎದ್ದು ಹೋದರು.

ನಾನು ಆಗ ಮೇ ತಿಂಗಳ ಧ್ವನಿ ಹಾಕಿದೆ. ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಕಡ್ಡಿ ಮಣ್ಣಿಗೆ ಹೋಗುವ ಸದ್ದು. 'ಓರೆ ಹೋದ್ರೆ ಪಕ್ಕೆಗೆ ತಾಗುತ್ತೆ.' ಆಮೇಲೆ ನಾನು ಕೇಳಿದ್ದು, 'ಟ್ಯಾಂಕು ಹೊಡೆದ್ರಾ ತಾತ ನೀವು?' ತಾತನ ದನಿ: 'ಇಲ್ಲಪ್ಪ. ನಾವು ದಾರಿ ಮಾಡಿದ್ವಿ. ದಾರಿ ಇಲ್ದೆ ಅವರು ಹೆಂಗೆ ಹೋಗ್ತಿದ್ರು?' ಮಾವನ ಮಗ ತಲೆ ತಗ್ಗಿಸಿ ಮೂರು ಸಲ ಅದನ್ನೇ ಹಾಕಿಸಿಕೊಂಡು ಕೇಳಿದ. ಆಮೇಲೆ ತನ್ನ ಹಾಳೆ ಮಡಚಿ ಜೇಬಿಗೆ ಹಾಕಿ, "ನೀನೇ ಬರಿ" ಅಂದ.

ಬರೆದೆ. ಒಂದು ಪುಟ. ಹುಟ್ಟಿದ ಊರು, ಹುಣಸೆ ಮರದಿಂದ ಬಿದ್ದ ಗಾಯ, 1963, ಹಲಸೂರು, ಹಿಮಾಲಯ, ಬಸಂತರಿನ ದಾರಿ, ಬದುವಿನ ಮೇಲೆ ಕೂತ ರೈತ, ಬ್ಯಾಂಕಿನ ಬಾಗಿಲು, ತೆಂಗಿನ ತೋಟ. ಅರಸೀಕೆರೆಯಲ್ಲಿ 200 ಪ್ರತಿ ಅಚ್ಚು ಹಾಕಿಸಿ ಹತ್ತನೇ ದಿನ ಸಂಜೆ ತಂದೆವು. ಅಜ್ಜಿಗೆ ಓದು ಬರಲ್ಲ ಅಲ್ವಾ, ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿದೆ, ಆ ಕಾಲದ ಮೇಷ್ಟ್ರ ಹಾಗೆ. ಎರಡನೇ ಸಾಲಿಗೇ ಅಜ್ಜಿ ಕೈ ಅಡ್ಡ ಹಿಡಿದರು.

"ಹುಣಸೆ ಮರ ಅಲ್ಲ."

"ತಾತನೇ ಹೇಳಿದ್ದು ಅಜ್ಜಿ, ರೆಕಾರ್ಡಲ್ಲಿದೆ."

"ಅವರಿಗೆ ಮರೆವು. ನೇರಳೆ ಮರ ಅದು, ಕೆರೆ ಏರಿ ಮೇಲಿಂದು. ಕೆಳಗೆ ಲಂಗ ಹಿಡ್ಕೊಂಡು ಹಣ್ಣಿಗೆ ನಿಂತಿದ್ದೋಳು ನಾನೇ."

ಧ್ವನಿಯಲ್ಲಿ ಹುಣಸೆ ಹಾಗೇ ಇದೆ, ಅದನ್ನು ಮುಟ್ಟಿಲ್ಲ. ಹಾಳೆಯನ್ನು ಮಾತ್ರ ತಿದ್ದಿದೆವು. ಆ ರಾತ್ರಿ ನಾನೂ ಮಾವನ ಮಗನೂ ನಡುಮನೆಯಲ್ಲಿ ಕೂತು, ನೂರು ನೂರು ಪ್ರತಿ ಹಂಚಿಕೊಂಡು, 'ಹುಣಸೆ' ಹೊಡೆದು ಮೇಲೆ ಪೆನ್ನಿನಲ್ಲಿ 'ನೇರಳೆ' ಅಂತ ಬರೆದೆವು. ಅಜ್ಜಿ ಮಲಗದೆ ಪಕ್ಕದಲ್ಲೇ ಕೂತು, ಬರೆದಾದ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸುತ್ತಿದ್ದರು.